ಬೇವಿನ ಮರದ ಕೆಳಗೆ ಸರಿಸಿದ ಹಿಂಡು

ಗಡಿ

ನನ್ನ ಜೊತೆ ಚಿತ್ರ ಕಲಿತವರಲ್ಲಿ ಇಬ್ಬರು ಹಡಗು ಹತ್ತಿ ಪರದೇಶಕ್ಕೆ ಹೋಗಿಬಂದರು. ಒಬ್ಬ ಲಂಡನ್ನಿನ ಮಂಜನ್ನು ಬರೆದು ತಂದ, ಇನ್ನೊಬ್ಬ ಯಾವುದೋ ಹಿಮದ ಸರೋವರವನ್ನು. ನಾನು ಕಂಡ ಪರದೇಶ ಅಂದರೆ ಜತ್ತ ತಾಲ್ಲೂಕು. ನಗಬೇಡಿ. ಅರವತ್ತರ ದಶಕದ ಕೊನೆಯಲ್ಲಿ ಮೈಸೂರಿನ ಡ್ರಾಯಿಂಗ್ ಮೇಷ್ಟ್ರಿಗೆ ವಿಜಾಪುರವೇ ದೂರದ ಊರು. ಅದರಾಚೆಗೆ ರಾಜ್ಯ ಬೇರೆ, ಬಸ್ಸಿನ ಬಣ್ಣ ಬೇರೆ, ಮೈಲಿಗಲ್ಲಿನ ಅಕ್ಷರ ಬೇರೆ. ಕಂಡಕ್ಟರು ಮರಾಠಿಯಲ್ಲಿ ಟಿಕೆಟ್ ಕೇಳಿದಾಗ ನಾನೂ ಸಮುದ್ರ ದಾಟಿದವನ ಹಾಗೆ ಸ್ವಲ್ಪ ಎದೆ ಉಬ್ಬಿಸಿಕೊಂಡೆ.

ಹೋಗಿದ್ದಕ್ಕೆ ಕಾರಣ ಹಸಿರು. ಮೈಸೂರಿನ ಸುತ್ತಮುತ್ತ ಕೆರೆ, ತೋಪು, ಬೆಟ್ಟ ಅಂತ ಹಸಿರು ಬರೆದೂ ಬರೆದೂ ನನಗೆ ಆ ಬಣ್ಣದ ಟ್ಯೂಬು ಕಂಡರೇ ಆಗದಂತಾಗಿತ್ತು. ವಿಜಾಪುರದಲ್ಲಿ ಪರಿಚಯವಾದ ಕಿರಾಣಿ ಅಂಗಡಿಯವರೊಬ್ಬರು ಅಂದರು: "ನಮ್ಮ ಬೀಗರ ಊರಿಗಿ ಹೋಗ್ರಿ. ಅಲ್ಲಿ ಏನೂ ಇಲ್ಲ, ಬರೇ ಬಯಲು." ಏನೂ ಇಲ್ಲದ ಜಾಗವೇ ನನಗೆ ಬೇಕಿತ್ತು. ಬೇಸಿಗೆ ರಜೆಯಲ್ಲಿ ಅವರಿಂದ ಒಂದು ಚೀಟಿ ಬರೆಸಿಕೊಂಡು ಹೊರಟೆ.

ಕಸುಬಿನ ಒಂದು ವಿಷಯ ಹೇಳಿಬಿಡುತ್ತೇನೆ. ಬಯಲು ಎಷ್ಟು ದೊಡ್ಡದು ಅನ್ನುವುದು ಬಯಲನ್ನಷ್ಟೇ ಬರೆದರೆ ತಿಳಿಯುವುದಿಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಒಬ್ಬ ಮನುಷ್ಯನನ್ನೋ ನಾಲ್ಕು ದನವನ್ನೋ ಇಡಬೇಕು. ಎರಡು ಗೀಟು, ಒಂದು ಚುಕ್ಕೆ, ಅಷ್ಟೇ. ನೋಡುವವರು ಆ ಚುಕ್ಕೆಯಿಂದ ಆಕಾಶವನ್ನು ಅಳೆಯುತ್ತಾರೆ. ಇಂಥ ಚುಕ್ಕೆಗಳನ್ನು ನಾನು ನೂರಾರು ಇಟ್ಟಿದ್ದೆ, ಬೇಕಾದ ಕಡೆಗೆ ಎತ್ತಿಡುತ್ತಿದ್ದೆ. ಅದರಲ್ಲಿ ತಪ್ಪೇನಿದೆ ಅಂತ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಜತ್ತ

ಜತ್ತದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಚಹದ ಅಂಗಡಿಯಲ್ಲಿ ನನ್ನ ಮುರುಕು ಹಿಂದಿಯಲ್ಲಿ ಆ ಬೀಗರ ಊರು ಬೆಳುಂಕಿಗೆ ಬಸ್ಸು ಯಾವಾಗ ಅಂತ ಕೇಳಿದೆ. ಅಂಗಡಿಯವನು ಗಂಭೀರವಾಗಿ ಕೇಳಿಸಿಕೊಂಡು, ಒಲೆಯ ಹತ್ತಿರ ಇದ್ದ ಹೆಂಡತಿಗೆ, "ಪಾಪ, ಯಾವ ದೇಶದಾಂವೋ ಏನೋ, ಇಂವಗ ಸ್ವಲ್ಪ ಹಾಲ ಜಾಸ್ತಿ ಹಾಕು" ಅಂದ. ನನಗೆ ನಗು ಬಂದು ಕನ್ನಡದಲ್ಲೇ ಬೇಡ ಎಂದೆ. ಅವನು ಕಣ್ಣರಳಿಸಿ, "ಕನ್ನಡ ಭಾಳ ಚಲೋ ಕಲ್ತೀರ್ರೀ!" ಎಂದು ಬೆನ್ನು ತಟ್ಟಿದ. ಹುಟ್ಟಿನಿಂದ ಆಡಿದ ಭಾಷೆಗೆ ನನಗೆ ಸಿಕ್ಕ ಮೊದಲ ಶಹಬ್ಬಾಸ್‌ಗಿರಿ ಅದು.

ಅಲ್ಲಿ ಕೂತ ಒಂದು ಗಂಟೆಯಲ್ಲಿ ನೋಡಿದೆ: ಜನ ಕಚೇರಿಯ ವಿಷಯಕ್ಕೆ ಮರಾಠಿ ಆಡುತ್ತಾರೆ, ಬೈಯಲು ಕನ್ನಡ ಆಡುತ್ತಾರೆ, ಚೌಕಾಸಿಗೆ ಎರಡನ್ನೂ. ನಮ್ಮಲ್ಲಿ ಹೊಸಬನನ್ನು ಕಂಡರೆ ಮೊದಲು ಏನು ಕೆಲಸ ಅಂತ ಕೇಳುತ್ತೇವೆ. ಇಲ್ಲಿ ಮೊದಲು, "ಊಟ ಆತೇನ್ರಿ?" ಅಂತ ಕೇಳಿ, ಆಮೇಲೆ ಕೆಲಸ ಕೇಳಿ, ಚಿತ್ರ ಬರೆಯುವವನು ಎಂದರೆ ಮತ್ತೆ ಊಟದ ವಿಷಯಕ್ಕೇ ಬರುತ್ತಾರೆ.

ಬೆಳುಂಕಿ

ಚೀಟಿಯಲ್ಲಿ ಹೆಸರಿದ್ದ ಚನ್ನಬಸಪ್ಪನವರು ನಲವತ್ತರ ಆಸುಪಾಸಿನ ರೈತ, ಗಟ್ಟಿ ಆಳು. ಚೀಟಿ ಕನ್ನಡದಲ್ಲಿತ್ತು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೇ ಕೊಟ್ಟರು. "ನಾವು ಮರಾಠಿ ಸಾಲಿ ಕಲ್ತವ್ರು. ಮಾತಾಡಾಕ ಕನ್ನಡ, ಓದಾಕ ಮರಾಠಿ. ನೀವ ಓದ್ರಿ." ಹೀಗೆ ನನ್ನನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದು ನಾನೇ ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ.

ಅವರ ತಾಯಿ ಗಂಗವ್ವ ಜೋಳದ ರೊಟ್ಟಿ ತಟ್ಟಿ ತಟ್ಟಿ ಹಾಕಿದರು. ಎರಡನೆಯ ದಿನ ನಾಲಿಗೆ ತಡೆಯದೆ, ಸ್ವಲ್ಪ ಅನ್ನ ಇದೆಯೇ ಎಂದು ಕೇಳಿದೆ. ಮನೆಯಲ್ಲಿ ಗದ್ದಲವಾಯಿತು. ಸ್ವಲ್ಪ ಹೊತ್ತಿನಲ್ಲಿ ಮೆತ್ತಗೆ ಬೇಯಿಸಿದ ಅನ್ನಕ್ಕೆ ಹಾಲು ಹಾಕಿ ತಂದು ನನ್ನ ಹಣೆ ಮುಟ್ಟಿ ನೋಡಿದರು. ಆ ಮನೆಯಲ್ಲಿ ಹಬ್ಬ ಬಿಟ್ಟರೆ ಜಡ್ಡು ಬಂದವರಿಗೆ ಮಾತ್ರ ಅನ್ನ. ಜ್ವರ ಇಲ್ಲ ಅಂದರೂ ಮುದುಕಿ ನಂಬಲಿಲ್ಲ. ಆ ರಾತ್ರಿ ನನ್ನ ಮೇಲೆ ಎರಡು ಕಂಬಳಿ ಹೊದಿಸಿದರು, ಮೇ ತಿಂಗಳಲ್ಲಿ!

ಇಂಥ ಜನರ ಮನೆ ಅದು. ಮುಂದಿನದನ್ನು ಬರೆಯಲು ಕೈ ಹಿಂಜರಿಯುವುದು ಅದಕ್ಕೇ.

ಹೊಲ

ಮೂರನೆಯ ದಿನ ಚನ್ನಬಸಪ್ಪ ಹೊಲದ ದಾಖಲೆಯ ಯಾವುದೋ ಉತಾರದ ಕಾಗದಕ್ಕೆ ಜತ್ತಕ್ಕೆ ಹೋದರು. ಎರಡು ದಿನ ಅಲ್ಲೇ ಉಳಿಯುವವರಿದ್ದರು. "ಹೊಲದಾಗ ಮಾಳಪ್ಪ ಅದಾನ. ನಿಮಗ ಏನ ಬೇಕಾದ್ರೂ ಅಂವಗ ಕೇಳ್ರಿ" ಎಂದು ಹೇಳಿಹೋದರು.

ಮಾಳಪ್ಪ ಕುರಿಯವನು. ಐವತ್ತು ದಾಟಿದ ಎತ್ತರದ ಮನುಷ್ಯ. ಹೊಲದಲ್ಲಿ ಅವನದೂ ಅವನ ಹೆಂಡತಿಯದೂ ಸಣ್ಣ ಬಿಡಾರ, ಸುತ್ತ ಕರಿ ಕುರಿಗಳು. ನನ್ನನ್ನು ಕಂಡವನೇ ತನ್ನ ಕಂಬಳಿ ಕೊಡವಿ ಹಾಸಿ, "ಕುಂದ್ರಿ ಮಾಸ್ತರ, ಕೂಳಿ ಚುಚ್ಚತಾವ" ಅಂದ. ಜೋಳದ ಕಟಾವಾದ ಹೊಲದಲ್ಲಿ ಉಳಿದ ಮೊಂಡು ಕಡ್ಡಿಗಳು ನಿಜಕ್ಕೂ ಚುಚ್ಚುತ್ತಿದ್ದವು. ಎಲ್ಲ ಕುರಿಗಳೂ ಒಂದೇ ಥರ ಕಾಣುತ್ತವಲ್ಲ ಎಂದಿದ್ದಕ್ಕೆ ನಕ್ಕು, "ನನಗ ಪ್ಯಾಟಿ ಮಂದಿ ಎಲ್ಲಾ ಒಂದ ಥರ ಕಾಣತಾರ್ರಿ" ಅಂದ. ಮಧ್ಯಾಹ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟ.

ಆ ಸೀಮೆಯ ಒಂದು ಪದ್ಧತಿ ನನಗೆ ಆಮೇಲೆ ತಿಳಿದದ್ದು. ಮಳೆಗೆ ಮುಂಚೆ ರೈತರು ಕುರಿ ಹಿಂಡನ್ನು ತಮ್ಮ ಹೊಲದಲ್ಲಿ ರಾತ್ರಿ ಕೂಡ್ರಿಸಿಕೊಳ್ಳುತ್ತಾರೆ. ಹಿಂಡು ಕೂತ ನೆಲಕ್ಕೆ ಹಿಕ್ಕೆ, ಗಂಜಲ ಬಿದ್ದು ಗೊಬ್ಬರವಾಗುತ್ತದೆ. ಇಷ್ಟು ರಾತ್ರಿ ಅಂತ ಮೊದಲೇ ಮಾತಾಗಿರುತ್ತದೆ, ಅದಕ್ಕೆ ತಕ್ಕ ಜೋಳವೂ ಮೊದಲೇ ಸಂದಿರುತ್ತದೆ. ಕಾಗದವಿಲ್ಲ, ಸಾಕ್ಷಿಯಿಲ್ಲ. ಹೇಳಿದ ಹೊಲದಲ್ಲೇ ಹಿಂಡು ಕೂರಬೇಕು, ಬದುವಿನಾಚೆ ಒಂದು ರಾತ್ರಿಯೂ ಅಲ್ಲ. ಕುರಿಯವನ ಜೀವನವೆಲ್ಲ ಆ ಮಾತಿನ ಮೇಲೆ ನಿಂತಿದೆ. ಒಂದು ಊರಲ್ಲಿ ಮಾತು ಕೆಟ್ಟರೆ ಮುಂದಿನ ಊರಿಗೆ ಅವನಿಗಿಂತ ಮೊದಲು ಸುದ್ದಿ ಹೋಗಿರುತ್ತದೆ. ಮಾಳಪ್ಪನ ಹಿಂಡು ಚನ್ನಬಸಪ್ಪನವರ ಹೊಲದಲ್ಲಿ ಎಂಟು ರಾತ್ರಿ ಕೂರಬೇಕಿತ್ತು.

ಸಂಜೆ ಬೆಳಕು ಓರೆಯಾಯಿತು. ಪೆನ್ಸಿಲಿನಲ್ಲಿ ಮೊದಲು ಗೀಚಿಕೊಂಡೆ. ತೊಂದರೆ ಅಲ್ಲೇ ಶುರುವಾಯಿತು. ಚನ್ನಬಸಪ್ಪನವರದು ಕರಿ ಮಣ್ಣಿನ ಸಪಾಟು ಹೊಲ, ಅದರ ಮೇಲೆ ಕರಿ ಕುರಿ. ಕಪ್ಪಿನ ಮೇಲೆ ಕಪ್ಪು, ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಬದುವಿನಾಚೆ ನೆಲ ಏರಿ ಕೆಮ್ಮಣ್ಣಿನ ದಿಬ್ಬವಾಗಿತ್ತು, ಮೇಲೊಂದು ಬೇವಿನ ಮರ. ಅದು ಅವರ ದಾಯಾದಿ ಈರಣ್ಣನ ಹೊಲ. ನನಗೆ ಅದೆಲ್ಲ ಯಾಕೆ? ಅಲ್ಲಿ ಕುರಿ ಇಟ್ಟರೆ ಎದ್ದು ಕಾಣುತ್ತದೆ ಅಂತ ನನ್ನ ಕಣ್ಣಿಗೆ ಹೊಳೆಯಿತು. ಪೆನ್ಸಿಲ್ ಚಿತ್ರದಲ್ಲಿ ಹಿಂಡಿನಿಂದ ಮರದ ಕಡೆಗೆ ಒಂದು ಬಾಣ ಎಳೆದು, ನನ್ನ ರೂಢಿಯಂತೆ ಪಕ್ಕದಲ್ಲೊಂದು ಟಿಪ್ಪಣಿ ಬರೆದು, ಬಣ್ಣ ಕಲಸಿದೆ. ಅರ್ಧ ಗಂಟೆಯಲ್ಲಿ ಹಿಂಡು ಬದು ದಾಟಿ ಬೇವಿನ ಕೆಳಗೆ ಕೂತಿತು. ಪಕ್ಕದಲ್ಲಿ ಮಾಳಪ್ಪನಿಗೆ ಎರಡು ಗೀಟು. ನಾನು ಬರೆದ ಒಳ್ಳೆಯ ಚಿತ್ರಗಳಲ್ಲಿ ಅದೊಂದು. ಅದನ್ನೂ ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಕಟ್ಟೆ

ಚನ್ನಬಸಪ್ಪ ಜತ್ತದಿಂದ ಬಂದ ದಿನ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ನನ್ನ ಚಿತ್ರಗಳನ್ನು ಹರಡಿಸಿದರು. ಹತ್ತಿಪ್ಪತ್ತು ಜನ ಸೇರಿದರು. ಮರಾಠಿ ಸಾಲೆಯ ಮಾಸ್ತರರೂ ಬಂದಿದ್ದರು, ಟೊಪ್ಪಿಗೆ ಹಾಕಿಕೊಂಡು. ಅವರು ನನ್ನನ್ನು ಪರೀಕ್ಷೆ ಮಾಡುವ ಹಾಗೆ ಕೇಳಿದರು: "ಮನಸಿಗಿ ಬಂದಂಗ ಬರೀತೀರೋ, ನೋಡಿ ಬರೀತೀರೋ?"

ಇನ್ನೊಬ್ಬ ಮೇಷ್ಟ್ರ ಮುಂದೆ ನನಗೆ ಹಮ್ಮು ಬಂತು. "ಕಣ್ಣಿಗೆ ಕಾಣದ ಒಂದು ಕಲ್ಲನ್ನೂ ನಾನು ಬರೆಯುವವನಲ್ಲ" ಎಂದೆ. ಜನ ತಲೆದೂಗಿದರು.

ಚನ್ನಬಸಪ್ಪ ತಮ್ಮ ಹೊಲದ ಚಿತ್ರ ಹುಡುಕಿ ಎತ್ತಿಕೊಂಡು ಎಲ್ಲರಿಗೂ ತೋರಿಸತೊಡಗಿದರು. "ಇದು ನಮ್ಮ ಬದು. ಇದು ನಮ್ಮ ಬನ್ನಿ ಗಿಡ. ಇದು ಈರಣ್ಣನ ಬೇವು..." ಬೆರಳು ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ, "ಇದು ಯಾವತ್ತ ಬರದದ್ರಿ ಮಾಸ್ತರ?" ಅಂದರು.

"ನೀವು ಜತ್ತಕ್ಕೆ ಹೋದಿರಲ್ಲ, ಅವತ್ತು ಸಂಜೆ."

"ಇದ್ದದ್ದ ಇದ್ದಂಗ ಬರದೀರಿ?"

ಟೊಪ್ಪಿಗೆಯ ಮಾಸ್ತರರು ನನ್ನನ್ನೇ ನೋಡುತ್ತಿದ್ದರು. "ಇದ್ದ ಹಾಗೇ" ಎಂದೆ.

ಯಾಕೆ ಕೇಳಿದರು ಅಂತ ನನಗೆ ಆಗ ತಿಳಿಯಲಿಲ್ಲ. ಅಷ್ಟರಮಟ್ಟಿಗೆ ನಾನು ಕ್ಷಮೆಗೆ ಅರ್ಹ ಅಂತ ಬಹಳ ವರ್ಷ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಮಾರನೆಯ ಬೆಳಿಗ್ಗೆ ಎಲ್ಲ ತಿಳಿದ ಮೇಲೂ ನಾನು ಮಾಡಿದ್ದಕ್ಕೆ ಯಾವ ಸಮಾಧಾನವೂ ಇಲ್ಲ.

ಮತ್ತೆ ಹೊಲ

ಬೆಳಿಗ್ಗೆ ಚನ್ನಬಸಪ್ಪ ಚಹ ಕೂಡ ಕುಡಿಯದೆ ಹೊಲಕ್ಕೆ ಹೊರಟರು, ನನ್ನನ್ನೂ ಕರೆದರು. ದಾರಿಯಲ್ಲೇ ಎರಡು ಮಾತಿನಲ್ಲಿ ಕುರಿ ಕೂಡ್ರಿಸುವ ಕರಾರು ಹೇಳಿದರು. ನನ್ನ ಚಿತ್ರ ಏನು ಮಾಡಿದೆ ಅಂತ ಆಗ ತಿಳಿಯಿತು. ಆಗಲೇ ಹೇಳಬಹುದಿತ್ತು. ಹೊಲ ಮುಟ್ಟಲು ಇನ್ನೂ ಒಂದು ಮೈಲಿ ಇತ್ತು, ಇಡೀ ಒಂದು ಮೈಲಿ. ಟೊಪ್ಪಿಗೆಯ ಮಾಸ್ತರರ ಮುಖ ನೆನಪಾಗಿ ಬಾಯಿ ಏಳಲಿಲ್ಲ.

"ಜೋಳ ನಂದು, ಕುರಿ ಈರಣ್ಣನ ಹೊಲಕ್ಕ. ಇದ್ಯಾವ ನ್ಯಾಯೋ ಮಾಳಪ್ಪ?"

ಮಾಳಪ್ಪ ಮೊದಲು ಚೇಷ್ಟೆ ಅಂದುಕೊಂಡು ನಕ್ಕ. ಆಮೇಲೆ ನಗು ನಿಂತಿತು. "ನಾ ಬದು ದಾಟಿಲ್ರಿ. ನೆಲ ನೋಡ್ರಿ ಬೇಕಾದ್ರ, ಹಿಕ್ಕಿ ಬಿದ್ದಾವ."

"ಹಿಕ್ಕಿ ಬಿದ್ದಾವ. ಎಷ್ಟ ರಾತ್ರಿದು ಅಂತ ಅದರ ಮ್ಯಾಲ ಬರದಿಲ್ಲಲ್ಲ. ಬೇವಿನ ನೆರಳಾಗ ಊರ ಆಡ ಕುರಿ ದಿನಾ ನಿಲ್ತಾವ, ಅಲ್ಲೂ ಹಿಕ್ಕಿ ಅದಾವ."

"ನಮ್ಮಪ್ಪ ನಿಮ್ಮಪ್ಪಗ ಕುರಿ ಕೂಡ್ರಸ್ತಿದ್ದ್ರಿ. ಇವತ್ತಿನ ತನಕ ಯಾರರೆ ಒಂದ ಮಾತ ಅಂದಾರೇನು?"

"ಅದಕ್ಕ ಹೊಟ್ಟಿ ಉರಿತೈತಿ. ಚಿತ್ರದಾಗ ಐತಿ, ಮಂದಿ ನೋಡ್ಯಾರ."

ಮಾಳಪ್ಪ ನನ್ನ ಕಡೆ ತಿರುಗಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ನಂಬಿಕೆಯಿತ್ತು. "ಮಾಸ್ತರ, ನೀವ ಹೇಳ್ರಿ. ಅವತ್ತ ಸಂಜಿಗಿ ನನ್ನ ಕಂಬಳಿ ಮ್ಯಾಲ ಕುಂತಿದ್ರಿ. ಕುರಿ ಎಲ್ಲಿದ್ದೂವು?"

ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ. "ಬೆಳಕು ಇಳಿದಿತ್ತು. ದೂರದಿಂದ ನನಗೇ ಸರಿಯಾಗಿ ಕಂಡಿರಲಿಕ್ಕಿಲ್ಲ."

ಇಷ್ಟು ಹೇಳಿ, ಮಾಳಪ್ಪನನ್ನೂ ಉಳಿಸಿದೆ, ನನ್ನನ್ನೂ ಉಳಿಸಿಕೊಂಡೆ ಅಂದುಕೊಂಡೆ. ಆಗಿದ್ದು ತಿರುಗುಮುರುಗು. ಕಂಡದ್ದನ್ನು ಕಂಡಿಲ್ಲ ಅಂತ ಮಾಳಪ್ಪನ ಮೇಲಿನ ಕನಿಕರಕ್ಕೆ ಹೇಳುತ್ತಿದ್ದೇನೆ ಎಂದೇ ಚನ್ನಬಸಪ್ಪನವರಿಗೆ ಕೇಳಿಸಿತು. ಅವರಿಗೆ ಹಾಗೆ ಕೇಳಿಸಿತೆಂದು ಮಾಳಪ್ಪನಿಗೂ ಗೊತ್ತಾಗಿರಬೇಕು. ಅವನು ನನ್ನನ್ನು ಒಂದು ಗಳಿಗೆ ನೋಡಿ, ಬಿಡಾರದ ಗೂಟ ಕೀಳಲು ಬಗ್ಗಿದ. ಹೆಂಡತಿ ಪಾತ್ರೆ ಕಟ್ಟಿದಳು. ಉಳಿದ ರಾತ್ರಿಗಳ ಜೋಳವನ್ನು ಬದುವಿನ ಮೇಲೆ ಇಟ್ಟು, "ಮಾತಿಗಿ ನಂಬಿಕಿ ಇಲ್ಲದ ಹೊಲದಾಗ ನನ್ನ ಕುರಿ ಕೂಡಂಗಿಲ್ರಿ" ಎಂದ. ಹಿಂಡು ನನ್ನ ಎರಡೂ ಪಕ್ಕದಿಂದ ಹಾದುಹೋಯಿತು. ಒಂದು ಕುರಿ ನನ್ನ ಬಣ್ಣದ ಚೀಲ ಮೂಸಿತು.

ನಾನು ಅವನನ್ನು ಕೂಗಲಿಲ್ಲ.

ಗುಡ್ಡಾಪುರ

ಮೂರು ದಿನ ಕಳೆದು ಅಮಾವಾಸ್ಯೆ. ಗಂಗವ್ವ ಗುಡ್ಡಾಪುರದ ದಾನಮ್ಮ ತಾಯಿಯ ದರ್ಶನಕ್ಕೆ ಹೊರಟರು. ಚನ್ನಬಸಪ್ಪ ಗಾಡಿ ಹೂಡಿದರು, ನನ್ನನ್ನೂ ಹತ್ತಿಸಿಕೊಂಡರು. ಆ ಮೂರು ದಿನ ನಾನು ಒಂದು ಗೀಟೂ ಎಳೆದಿರಲಿಲ್ಲ. ಅನ್ನ ಕೇಳದೆಯೂ ನನಗೆ ಅನ್ನ ಬರತೊಡಗಿತ್ತು, ಅಷ್ಟು ಸೊರಗಿದ್ದೆನೋ ಏನೋ. ನಮ್ಮ ಕಡೆ ಅತಿಥಿ ವಾರ ದಾಟಿದರೆ ರೈಲಿನ ವೇಳೆ ಕೇಳುತ್ತೇವೆ. ಇವರು ಇನ್ನೂ ಎಂಟು ದಿನ ಇದ್ದು ಹೋಗಿ ಅನ್ನುತ್ತಿದ್ದರು.

ಗುಡಿಯಲ್ಲಿ ಜನಜಂಗುಳಿ. ಗಂಗವ್ವ ಕೈಮುಗಿದು ಗಟ್ಟಿಯಾಗಿಯೇ ಬೇಡಿಕೊಳ್ಳುವವರು, ತಾಯಿಗೆ ಕಿವಿ ಮಂದವೇನೋ ಅನ್ನುವ ಹಾಗೆ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ: "ಯವ್ವಾ, ಮಾಳಪ್ಪ ಸುಳ್ಳ ಹೇಳಾಂವ ಅಲ್ಲ. ಈ ಮಾಸ್ತರೂ ಸುಳ್ಳ ಬರಿಯಾಂವ ಅಲ್ಲ. ನಡುವ ಏನ ಆಗೇತೋ ನನಗ ತಿಳಿವಲ್ತು. ನೀನ ತೋರಸು."

ನಾನು ಗುಡಿಯಿಂದ ಹೊರಗೆ ಬಂದೆ. ದೇವರ ಭಯಕ್ಕಲ್ಲ, ನಾನು ಅಂಥ ಭಕ್ತನೇನೂ ಅಲ್ಲ. ಆ ಮುದುಕಿ ನನ್ನನ್ನೂ ಮಾಳಪ್ಪನನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟುಬಿಟ್ಟಿದ್ದರು. ನನಗೆ ಸಹಿಸಲಾಗಲಿಲ್ಲ.

ಹೊರಗೆ ಗಾಡಿಯ ನೆರಳಲ್ಲಿ ಚನ್ನಬಸಪ್ಪನವರಿಗೆ ಹೇಳಿದೆ. ಕುರಿ ನಿಮ್ಮ ಹೊಲದಲ್ಲೇ ಇದ್ದವು, ಚಿತ್ರ ಚೆನ್ನಾಗಿ ಕಾಣಲಿ ಅಂತ ನಾನು ಆಚೆ ಸರಿಸಿದೆ ಎಂದೆ. ಅವರು ನನ್ನ ಹೆಗಲ ಮೇಲೆ ಕೈ ಇಟ್ಟು, "ನಿಮ್ಮ ಮನಸ ದೊಡ್ಡದ್ರಿ. ಅಂವನ ಸಲುವಾಗಿ ನೀವ್ಯಾಕ ಪಾಪ ಕಟ್ಟಿಕೊಳ್ತೀರಿ?" ಎಂದರು.

ಸುಳ್ಳನ್ನು ಒಂದು ಮಾತಿಗೆ ನಂಬಿದ್ದ ಮನುಷ್ಯ ನಿಜವನ್ನು ನಂಬಲೊಲ್ಲ! ಜೋಳಿಗೆಯಿಂದ ಪೆನ್ಸಿಲಿನ ಪುಸ್ತಕ ತೆಗೆದು ಆ ಸಂಜೆಯ ಹಾಳೆ ತೋರಿಸಿದೆ. ಹಿಂಡು ಅವರ ಹೊಲದಲ್ಲಿತ್ತು. ಅಲ್ಲಿಂದ ಬೇವಿನ ಮರಕ್ಕೆ ಬಾಣ. ಅವರು ಬಾಣದ ಗುಂಟ ಬೆರಳಾಡಿಸಿ, ಪಕ್ಕದ ಕನ್ನಡ ಅಕ್ಷರಗಳ ಮೇಲೆ ನಿಲ್ಲಿಸಿದರು.

"ಇದೇನ ಬರದೀರಿ? ಓದ್ರಿ."

ಗಂಗವ್ವನೂ ಬಂದು ನಿಂತಿದ್ದರು. ಓದಿದೆ: "ಹಿಂಡು ಇಲ್ಲಿ ಬೇಡ. ಮರದ ಕೆಳಗೆ ಸರಿಸುವುದು."

ಮುದುಕಿ ಸೆರಗು ಸರಿಮಾಡಿಕೊಂಡು ಗಾಡಿಯ ಆ ಬದಿಗೆ ಹೋಗಿ ಕೂತರು. ಚನ್ನಬಸಪ್ಪ ಪುಸ್ತಕ ಮುಚ್ಚಿ ಕೈಗೆ ಕೊಟ್ಟು ಕೇಳಿದ್ದು ಒಂದೇ: "ಅವತ್ತ ಹೊಲದಾಗ ಅಂವ ಕೇಳಿದಾಗರೆ ಯಾಕ ಹೇಳಲಿಲ್ರಿ?"

"ಕಟ್ಟೆಯ ಮೇಲೆ ದೊಡ್ಡ ಮಾತಾಡಿದ್ದೆ. ಅದಕ್ಕೆ."

ಅವರು ಎತ್ತು ಕಟ್ಟಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಗಾಯರಾಣ

ಮಾಳಪ್ಪ ಸಿಕ್ಕಿದ್ದು ಮಾರನೆಯ ಮುಂಜಾನೆ, ಎರಡು ಊರು ಆಚೆ, ಗಾಯರಾಣದಲ್ಲಿ. ಗಾಯರಾಣವೆಂದರೆ ಊರವರೆಲ್ಲ ದನ ಬಿಡುವ ಸರ್ಕಾರಿ ಕಲ್ಲು ನೆಲ. ಅಲ್ಲಿ ಕುರಿ ಕೂಡ್ರಿಸಿದರೆ ಹಿಡಿ ಜೋಳ ಕೊಡುವವರೂ ಇಲ್ಲ. ಆ ಊರಿನ ಇಬ್ಬರು ರೈತರು ಮೊದಲು ಮಾತು ಕೊಟ್ಟಿದ್ದವರು, ಬೆಳುಂಕಿಯ ಸುದ್ದಿ ಕೇಳಿ ಈ ಸಲ ಬೇಡ ಎಂದಿದ್ದರಂತೆ.

ಚನ್ನಬಸಪ್ಪ ಕೈಮುಗಿದು, "ತಪ್ಪಾತೋ ಮಾಳಪ್ಪ. ಕುರಿ ಹೊಡ್ಕೊಂಡ ಬಾ" ಅಂದರು. ನಾನು ನಡೆದದ್ದನ್ನು ಹೇಳಿದೆ. ಹಾಳೆಯನ್ನೂ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ.

"ಬರ್ತೀನ್ರಿ, ಗಂಗವ್ವಾಯಿ ಸಲುವಾಗಿ. ಆದ್ರ ಮೊದಲ ಮಾಸ್ತರು ಈ ಊರಾಗ ಬಂದು ಇದನ್ನ ಓದ್ಲಿ. ಬೆಳುಂಕಿ ಕಟ್ಟಿ ಮ್ಯಾಲೂ ಓದ್ಲಿ."

ಓದಿದೆ. ಆ ಇಬ್ಬರ ಮನೆಯ ಪಡಸಾಲೆಯಲ್ಲಿ ಒಂದೊಂದು ಸಲ, ಸಂಜೆ ಬೆಳುಂಕಿಯ ಕಟ್ಟೆಯ ಮೇಲೆ ಒಂದು ಸಲ. ಹಿಂಡು ಇಲ್ಲಿ ಬೇಡ, ಮರದ ಕೆಳಗೆ ಸರಿಸುವುದು. ಮರಾಠಿ ಮಾಸ್ತರರು ಪುಸ್ತಕ ಈಸಿಕೊಂಡು ಬಾಣವನ್ನು ಮೇಲಿಂದ ಕೆಳಗೆ ನೋಡಿದರು. ಮುಂದಿನ ಸಾಲಿನವನೊಬ್ಬ, "ಒಂದ ಗೀಟಿನ್ಯಾಗ ನೂರ ಕುರಿ ಹೊಡದಾರ್ರಿ, ನಾಯಿನೂ ಬೇಕಾಗಿಲ್ಲ!" ಅಂದ. ಜನ ಬಿದ್ದು ಬಿದ್ದು ನಕ್ಕರು. ನನ್ನ ಕಿವಿ ಕೆಂಪಗಾಗಿ ಬಿಸಿಯಾಗಿದ್ದವು. ಆದರೆ ಮಾಳಪ್ಪ ಗುಂಪಿನಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದ. ಯಾರೋ ತಮ್ಮ ಹೊಲಕ್ಕೆ ಯಾವಾಗ ಬರುತ್ತೀ ಎಂದು ಅವನನ್ನು ಕೇಳುತ್ತಿದ್ದರು.

ಹೊರಡುವ ದಿನ ಹೊಲಕ್ಕೆ ಹೋದೆ. ಹಿಂಡು ಕರಿ ಮಣ್ಣಿನ ಮೇಲೆ ಕೂತಿತ್ತು. ಮಾಳಪ್ಪ ಎಂದಿನಂತೆ ಕಂಬಳಿ ಹಾಸಿದ, ನನಗೆ ಕೂರಲು ಮನಸ್ಸಾಗಲಿಲ್ಲ. ನಿಂತೇ ಹೇಳಿದೆ: ಇಷ್ಟು ದಿನ ಮನುಷ್ಯರನ್ನು ಸರಿಯಾಗಿ ನೋಡಿ ಬರೆದವನಲ್ಲ, ಇವತ್ತು ನಿನ್ನೊಬ್ಬನನ್ನೇ, ನಿನ್ನ ಮುಖವನ್ನೇ, ದೊಡ್ಡದಾಗಿ ಬರೆಯುತ್ತೇನೆ, ಎದುರಿಗೆ ಕೂತುಕೋ. ನಾನು ಮಾಡಬಹುದಾದ ಪ್ರಾಯಶ್ಚಿತ್ತ ಅದೊಂದೇ ಅಂತ ನನಗೆ ಅನಿಸಿತ್ತು.

ಮಾಳಪ್ಪ ನನ್ನ ಪೆನ್ಸಿಲನ್ನು ನೋಡಿದ, ಬದುವಿನಾಚೆಯ ದಿಬ್ಬವನ್ನು ನೋಡಿದ.

"ಬ್ಯಾಡ್ರಿ ಮಾಸ್ತರ. ಮೈಸೂರಿಗಿ ಹ್ವಾದ ಮ್ಯಾಲ ನೀವು ನನ್ನ ಎಲ್ಲಿ ಒಯ್ದ ನಿಲ್ಲಸ್ತೀರೋ, ಯಾರಿಗಿ ಗೊತ್ತು."

ನಕ್ಕೇ ಹೇಳಿದ, ಕುಹಕವೇನೂ ಇರಲಿಲ್ಲ. ದಾರಿಗೆ ಅಂತ ಎರಡು ರೊಟ್ಟಿ ಕಟ್ಟಿ ಕೊಟ್ಟ. ನಾನು ಪುಸ್ತಕ ಜೋಳಿಗೆಗೆ ಹಾಕಿ, ರೊಟ್ಟಿ ತೆಗೆದುಕೊಂಡು ಬಸ್ಸಿನ ದಾರಿ ಹಿಡಿದೆ.